ಬಿಸಿನೀರಿನ ಋಣ

ಜೂನ್ ತಿಂಗಳ ಮಳೆಯಲ್ಲಿ ಬಣಕಲ್‌ನಲ್ಲಿ ಬಸ್ಸಿಳಿದು, ಕೊಡೆ ಹಿಡಿದರೂ ಒಂದೇ ಹಿಡಿಯದಿದ್ದರೂ ಒಂದೇ ಎನ್ನುವಂತೆ ನೆನೆದು, ಸೀರೆಯ ನೆರಿಗೆಗೆ ಕೆಸರು ಮೆತ್ತಿಸಿಕೊಂಡು, ಕಾಲಿಗೆ ಹತ್ತಿದ ಇಂಬಳವನ್ನು ಮೆಟ್ಟಿಲ ಮೇಲೆ ಕಿತ್ತು ಹಾಕಿ ಮನೆಯೊಳಗೆ ಬಂದವರಿಗೆ ಮೊದಲು ಬೇಕಾದದ್ದು ಕಾಫಿಯಲ್ಲ, ಒಂದು ಹಂಡೆ ಬಿಸಿನೀರು. ಚಾರ್ಮಾಡಿಯ ಕಡೆಯಿಂದ ಬೀಸುವ ಗಾಳಿಗೆ ಮರಗಟ್ಟಿದ ಬೆನ್ನಿನ ಮೇಲೆ ಮೊದಲ ಚೊಂಬು ನೀರು ಬಿದ್ದಾಗ ಆಗುವ ಸುಖವನ್ನು ಬಯಲುಸೀಮೆಯವರಿಗೆ ಹೇಳಿ ತಿಳಿಸಲಾಗದು. ನಮ್ಮ ಮಲೆನಾಡಿನಲ್ಲಿ ನೆಂಟರು ಬಂದರೆ ಊಟ ಆಯಿತೇ ಎಂದು ಕೇಳುವುದಕ್ಕೆ ಮೊದಲು ಸ್ನಾನಕ್ಕೆ ನೀರು ಕಾದಿದೆ ಎನ್ನುತ್ತೇವೆ. ಅದರಲ್ಲಿ ನಮಗೆ ಒಂದು ಹೆಮ್ಮೆಯೂ ಇದೆ.

ಈ ಹೆಮ್ಮೆಯ ಹಿಂದುಗಡೆ ಒಂದು ಗೋಡೆ ಇದೆ. ನಮ್ಮ ಮನೆಯಲ್ಲಿ, ಈ ಸೀಮೆಯ ಬಹಳ ಮನೆಗಳಲ್ಲಿರುವಂತೆಯೇ, ಹಂಡೆಯ ಬಾಯಿ ಬಚ್ಚಲಿನೊಳಗೆ, ಒಲೆಯ ಬಾಯಿ ಗೋಡೆಯ ಆಚೆ ಇಳಿಸಿ ಕಟ್ಟಿದ ಮಾಡಿನ ಕೆಳಗೆ. ಈಚೆ ನಿಂತವರಿಗೆ ಹಬೆ, ಆಚೆ ಕುಳಿತವರಿಗೆ ಹೊಗೆ. ಹಂಡೆ ಒಂದೇ, ಬೆಂಕಿಯೂ ಒಂದೇ. ಮೂವತ್ತು ವರ್ಷ ಈಚೆ ನಿಂತು ನೀರು ಹೊಯ್ದುಕೊಂಡ ನನಗೆ ಆಚೆಯಿಂದ ಬರುವ ಕೆಮ್ಮು ಮಳೆಯ ಸದ್ದಿನ ಹಾಗೆ, ಜೀರುಂಡೆಯ ಸದ್ದಿನ ಹಾಗೆ, ಇದ್ದೇ ಇರುವ ಒಂದು ಸದ್ದಾಗಿತ್ತು. ಅದು ಒಬ್ಬರ ಕೆಮ್ಮು ಎಂದು ನನಗೆ ಕೇಳಿಸಿದ್ದು ತೀರ ಇತ್ತೀಚೆಗೆ, ಅದೂ ಒಂದು ಯಂತ್ರದಿಂದ.

2024ರ ಡಿಸೆಂಬರ್ ರಜೆಗೆ ಮಗ, ಸೊಸೆ, ಕೂಸು ಬೆಂಗಳೂರಿನಿಂದ ಬಂದಿದ್ದರು. ಕೂಸಿಗೆ ಅಲ್ಲಿ ಆಗಾಗ ಉಬ್ಬಸ. ಅದಕ್ಕೆಂದು ಮಲಗುವ ಕೋಣೆಯಲ್ಲಿ ಗಾಳಿ ಸೋಸುವ ಯಂತ್ರ ಇಟ್ಟಿದ್ದಾರೆ. ಗಾಳಿಯಲ್ಲಿ ಎಷ್ಟು ದೂಳಿದೆ ಎಂದು ಅಂಕಿಯಲ್ಲಿ ತೋರಿಸುವ, ಸೋಪಿನ ಡಬ್ಬಿಯಷ್ಟು ದೊಡ್ಡ ಇನ್ನೊಂದು ಸಾಧನವೂ ಅವರ ಬಳಿ ಇದೆ. ಮಗ ಅದನ್ನು ಬ್ಯಾಗಿನಿಂದ ತೆಗೆದು, "ಅಮ್ಮಾ, ನಿಮ್ಮೂರಿನ ಗಾಳಿ ಎಷ್ಟು ಚೆನ್ನಾಗಿದೆ ನೋಡು" ಎಂದು ಜಗಲಿಯ ಮೇಲಿಟ್ಟ. 11 ಎಂದು ತೋರಿಸಿತು. ನಡುಮನೆಯಲ್ಲಿ 19. ಬೆಂಗಳೂರಿನಲ್ಲಿ ಇಷ್ಟು ಕಾಣಬೇಕಾದರೆ ಯಂತ್ರ ರಾತ್ರಿಯಿಡೀ ಓಡಬೇಕಂತೆ. ನಮಗೆಲ್ಲ ಒಂದು ಸುತ್ತು ಸಂತೋಷವಾಯಿತು. ಕಾಡು, ಕಾಫಿ ತೋಟ, ಹೇಮಾವತಿಯ ನೀರು, ಒಳ್ಳೆಯ ಗಾಳಿ, ಇನ್ನೇನು ಬೇಕು!

ಕೂಸನ್ನು ಎತ್ತಿಕೊಂಡಿದ್ದ ಸೊಸೆ ಸುಮ್ಮನೆ ಕುತೂಹಲಕ್ಕೆ ಆ ಡಬ್ಬಿಯನ್ನು ಹಿತ್ತಲ ಬಾಗಿಲಿನತ್ತ ಒಯ್ದಳು. ಬಚ್ಚಲೊಲೆಯ ಮುಂದೆ ಅಕ್ಕ ಕುಳಿತು ಹಸಿ ಸಿಲ್ವರ್ ಓಕಿನ ತುಂಡನ್ನು ಊದುತ್ತಿದ್ದಳು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಪಕ್ಕದ ತೋಟದ ಲೈನಿನಲ್ಲಿರುವಾಕೆ. ಬೆಳಗಿನ ಜಾವ ನಮ್ಮ ಮನೆಗೆ ಬಂದು ಒಲೆ ಹಚ್ಚಿ, ಆಮೇಲೆ ತೋಟದ ಕೆಲಸಕ್ಕೆ ಹೋಗಿ, ಸಂಜೆ ಮತ್ತೆ ಬಂದು ಹಚ್ಚುತ್ತಾಳೆ. ಮಗ ಅವಳನ್ನು ಮೊದಲಿನಿಂದಲೂ ಅಕ್ಕ ಎಂದು ಕರೆಯುವುದರಿಂದ ನಮಗೆಲ್ಲ ಅವಳು ಅಕ್ಕನೇ. ಡಬ್ಬಿಯಲ್ಲಿ ಅಂಕಿ ಇನ್ನೂರು, ನಾನೂರು, ಏಳುನೂರು ಎಂದು ಏರುತ್ತಾ ಹೋಗಿ 999ಕ್ಕೆ ನಿಂತಿತು. "ಅಲ್ಲಿಗೇ ನಿಂತಿದ್ದು ಯಾಕೆ?" ಎಂದೆ. ಮಗ ಒಂದು ಗಳಿಗೆ ಸುಮ್ಮನಿದ್ದು, "ಅದಕ್ಕಿಂತ ಮೇಲೆ ಇದಕ್ಕೆ ಎಣಿಸೋಕೆ ಬರಲ್ಲ ಅಮ್ಮಾ" ಎಂದ.

ಅಕ್ಕ ಕಣ್ಣೊರೆಸಿಕೊಂಡು, "ಎಂತದು ಟೀಚ್ರಮ್ಮ ಅದು, ಜ್ವರ ನೋಡೋದಾ?" ಎಂದಳು. ನಾವು ನಕ್ಕೆವು. ಸೊಸೆ ಮಾತ್ರ ನಗದೆ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ತಾಯಿಯಾದವಳು ಮಾಡಬೇಕಾದದ್ದೇ ಅದು. ಆದರೆ ಕೂಸು ನಿಲ್ಲಬಾರದ ಜಾಗದಲ್ಲಿ ಅಕ್ಕ ಇನ್ನೂ ಕುಳಿತೇ ಇದ್ದಳು, ನಮ್ಮ ಸ್ನಾನ ಇನ್ನೂ ಆಗಬೇಕಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಬ್ಬರ ಬೆಚ್ಚಗಿನ ಸುಖಕ್ಕೆ ಇನ್ನೊಬ್ಬರ ಉಸಿರು ತೆರವಾಗುತ್ತಿದ್ದರೆ, ಅದನ್ನು ಸಂಬಳ ಕೊಟ್ಟು ತೀರಿಸಬಹುದೇ?

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಹೇಳುವುದು ಕನ್ನಡ ಮತ್ತು ಸಮಾಜ. ವಿಜ್ಞಾನ ನನ್ನದಲ್ಲ. ಆದರೂ ಆ ಅಂಕಿಯ ಅರ್ಥವೇನೆಂದು ಶಾಲೆಯ ವಿಜ್ಞಾನದ ಮೇಡಂ ಬಳಿ ಕೇಳಿ ತಿಳಿದುಕೊಂಡೆ. ಅದು ಎಣಿಸುವುದು ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು. ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗ. ದೊಡ್ಡ ದೂಳನ್ನು ಮೂಗು, ಗಂಟಲು ತಡೆದು ಹೊರಗೆ ಹಾಕುತ್ತವೆ. ಇಷ್ಟು ಸಣ್ಣದು ತಡೆಗೆ ಸಿಗದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ದಿನದ ಸರಾಸರಿ ಒಂದು ಘನಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ 60. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ಅದೇ ಸಂಸ್ಥೆಯ ಅಂದಾಜು.

ಇದರಲ್ಲಿ ನನಗೆ ಹೆಚ್ಚು ತಾಗಿದ್ದು ಇನ್ನೊಂದು ಸಂಗತಿ. ಗಾಳಿ ಕೆಟ್ಟಿದೆ ಎಂದು ಜಗತ್ತು ಬಹಳ ಕಾಲ ಅಳೆದದ್ದು ಕಾರ್ಖಾನೆಯ ಬಳಿ, ವಾಹನ ಓಡುವ ರಸ್ತೆಯ ಬದಿಯಲ್ಲಿ. ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಜೊತೆಗಾರರು 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದು, 1983ರಲ್ಲಿ ಪ್ರಕಟಿಸಿದರು. ಒಲೆ ಹುಟ್ಟಿ ಎಷ್ಟೋ ಸಾವಿರ ವರ್ಷವಾಗಿತ್ತು. ಅದರ ಮುಂದೆ ಕುಳಿತವಳ ಮೂಗಿನ ಹತ್ತಿರ ಒಂದು ಉಪಕರಣ ಹೋಗಲು ಅಷ್ಟು ಕಾಲ ಬೇಕಾಯಿತು. ನಮ್ಮ ಮನೆಗೆ ಅದು ಬರಲು 2024 ಆಗಬೇಕಾಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1994ರಲ್ಲಿ. ಆಗ ಅತ್ತೆಯ ಅಡುಗೆಮನೆ ಎಂದರೆ ಹಗಲಿನಲ್ಲೂ ಮುಸ್ಸಂಜೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಆ ಹೊಗೆಯನ್ನು ಬರೀ ವೈರಿ ಎಂದರೆ ಸುಳ್ಳಾಗುತ್ತದೆ. ನಾಲ್ಕು ತಿಂಗಳ ಜಡಿಮಳೆಯಲ್ಲಿ ಅಟ್ಟದ ಮೇಲಿನ ಬೀಜದ ಸೌತೆಕಾಯಿ, ಹಲಸಿನ ಹಪ್ಪಳ, ಒಣಮೀನು, ಬಿದಿರು ಬುಟ್ಟಿ, ಕೂಸಿನ ಬಟ್ಟೆ ಎಲ್ಲವನ್ನೂ ಕಾಪಾಡುತ್ತಿದ್ದುದು ಅದೇ. ಮಾಡಿನ ತೊಲೆಗೆ ಮಸಿ ಹಿಡಿದಿದ್ದರಿಂದ ಹುಳ ಹಿಡಿಯುತ್ತಿರಲಿಲ್ಲ. ಈಗ ಒಲೆ ಇಲ್ಲದ ಅಡುಗೆಮನೆಯ ಗೋಡೆಗೆ ಆಷಾಢದಲ್ಲಿ ಬೂಷ್ಟು ಬರುತ್ತದೆ, ಮಸಾಲೆ ಡಬ್ಬದ ಮುಚ್ಚಳದ ಮೇಲೂ ಬರುತ್ತದೆ. ಬೂಷ್ಟಿನ ಗಾಳಿಯೂ ಉಬ್ಬಸದವರಿಗೆ ಒಳ್ಳೆಯದಲ್ಲ. ಅತ್ತೆ ಇದ್ದಿದ್ದರೆ, "ನೋಡು, ನಿನ್ನ ಗ್ಯಾಸು ಮನೆ ಒಣಗಿಸ್ತದಾ?" ಎಂದು ಕೇಳುತ್ತಿದ್ದರು. ನನ್ನಲ್ಲಿ ಉತ್ತರವಿಲ್ಲ.

ಅತ್ತೆ ಶಾಲೆಯ ಮುಖ ಕಂಡವರಲ್ಲ. ಆದರೆ ಬೆಂಕಿಯ ಸ್ವಭಾವ ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. 1995ರ ಜುಲೈ, ನಾನು ಬಾಣಂತಿ. ಹೊರಗೆ ಮಳೆ ನಿಂತೇ ಇಲ್ಲ. ಕೋಣೆ ಬೆಚ್ಚಗಿರಲೆಂದು ಅತ್ತೆ ರಾತ್ರಿ ಬಾಣಲೆಯಲ್ಲಿ ಕೆಂಡ ತುಂಬಿ ಮಂಚದ ಹತ್ತಿರ ಇಟ್ಟು, ಬಾಗಿಲನ್ನು ಒಂದು ಗೇಣು ತೆರೆದು ಅದಕ್ಕೆ ಒನಕೆ ಅಡ್ಡ ಇಡುತ್ತಿದ್ದರು. ನನಗೆ ಆ ಸಂದಿಯಿಂದ ಬರುವ ಚಳಿ ಸಹಿಸದೆ ಒಂದು ರಾತ್ರಿ ಎದ್ದು ಒನಕೆ ಸರಿಸಿ ಬಾಗಿಲು ಹಾಕಿದೆ, ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿದೆ. ಅತ್ತೆ ನೀರು ಕುಡಿಯಲು ಎದ್ದವರು ಬಾಗಿಲು ಮುಚ್ಚಿರುವುದನ್ನು ಕಂಡು ಒದ್ದು ತೆರೆದರಂತೆ. ನನಗೆ ತಲೆ ಸಿಡಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಅತ್ತೆ ಮೊದಲು ಕೂಸನ್ನು, ಆಮೇಲೆ ನನ್ನನ್ನು ಜಗಲಿಗೆ ಎಳೆದು ತಂದು ಕೂರಿಸಿ, "ಕೆಂಡಕ್ಕೂ ಉಸಿರು ಬೇಕು ಕಣೆ. ಬಾಗ್ಲು ಹಾಕಿದ್ರೆ ನಿನ್ನ ಉಸಿರನ್ನೇ ತಗಂತದೆ" ಎಂದು ಬೈದರು.

ಆ ಮಾತನ್ನು ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹೊಗೆಯಾದರೂ ಕೆಮ್ಮಿಸಿ ಎಬ್ಬಿಸುತ್ತದೆ, ಇದು ಎಬ್ಬಿಸುವುದಿಲ್ಲ. ಪಟ್ಟಣದಲ್ಲಿರುವ ನನ್ನ ಓದುಗ ಸೋದರಿಯರು ನಮಗೆ ಕೆಂಡದ ಕಾಟವಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ತಮ್ಮ ಬಚ್ಚಲನ್ನೊಮ್ಮೆ ನೋಡಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನೊಳಗೇ ಉರಿಯುವ ಗ್ಯಾಸ್ ಗೀಸರ್ ಮಾಡುವುದೂ ಇದನ್ನೇ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಗೀಸರ್ ಬಚ್ಚಲಿನ ಹೊರಗಿರಲಿ, ಬೆಳಕಿಂಡಿ ತೆರೆದಿರಲಿ.

ನಮ್ಮ ಮನೆಗೆ ಹೊಗೆಯಿಲ್ಲದ ಒಲೆಯೂ ಒಮ್ಮೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಆರಂಭಿಸಿದ್ದರು. ಅಲ್ಲಿನವರು 1980ರ ದಶಕದ ಆರಂಭದಲ್ಲಿ ರೂಪಿಸಿದ್ದು ಮೂರು ಪಾತ್ರೆ ಕೂರುವ ಅಸ್ತ್ರ ಒಲೆ. ಬೆಂಕಿಯ ಕೆಳಗೆ ಜಾಲರಿ, ಮೇಲೆ ಹೊಗೆ ಕೊಳವೆ, ಅರ್ಧದಷ್ಟು ಸೌದೆಯಲ್ಲಿ ಅಡುಗೆ. ಕೊಳವೆ ಕೆಲಸ ಮಾಡುವ ರೀತಿ ಸರಳ. ಬಿಸಿಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲೇರುತ್ತದೆ, ಏರುತ್ತಾ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದರೆ ಕೊಳವೆ ಮಾಡಿಗಿಂತ ಎತ್ತರಕ್ಕೆ ಹೋಗಿರಬೇಕು, ಒಳಗೆ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು. ನಮ್ಮ ಗಾರೆಯವನು ಕೊಳವೆಯನ್ನು ಹೆಂಚಿನ ಸಮಕ್ಕೇ ನಿಲ್ಲಿಸಿದ. ನಾವು ಅದನ್ನು ಎತ್ತರಿಸಲಿಲ್ಲ. ಮಸಿ ತೆಗೆಯುವುದು ಯಾರ ಕೆಲಸವೆಂದು ಮನೆಯಲ್ಲಿ ತೀರ್ಮಾನವಾಗಲಿಲ್ಲ. ಗಂಡಸರು ಅದು ಅಡುಗೆಮನೆಯ ಕೆಲಸ ಎಂದರು. ಅತ್ತೆ ಮಾಡು ಹತ್ತುವಂತಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಹೊಗೆ ತಿರುಗಿ ಒಳಗೇ ಬರತೊಡಗಿತು. ದೊಡ್ಡ ಅನ್ನದ ಪಾತ್ರೆ, ರೊಟ್ಟಿಯ ಕಾವಲಿ ಕೂರುವುದಿಲ್ಲವೆಂಬ ದೂರು ಮೊದಲೇ ಇತ್ತು. ಅತ್ತೆ ಒಂದು ದಿನ ಹಾರೆ ತಂದು ಅದನ್ನು ಒಡೆದು ಹಳೆಯ ಒಲೆ ಹೂಡಿದರು. ಮುದುಕಿಗೆ ಹೊಸದು ಬೇಡ ಎಂದು ನಾವೆಲ್ಲ ನಕ್ಕೆವು. ಕೊಳವೆಯನ್ನು ಎರಡಡಿ ಏರಿಸಿದ್ದರೆ ಸಾಕಾಗಿತ್ತು.

ಆ ಎರಡಡಿಗೆ ದುಡ್ಡಿರಲಿಲ್ಲವೇ? ಇತ್ತು. ಅದರ ಮುಂದಿನ ವರ್ಷ ಮನೆಗೆ ಟಿ.ವಿ. ಬಂತು. ಆಮೇಲೆ ಸ್ಕೂಟರ್. ಕಾಫಿಗೆ ಬೆಲೆ ಬಂದ ವರ್ಷ ನಡುಮನೆಗೆ ಹೊಸ ನೆಲ. 2001ರಲ್ಲಿ ಗ್ಯಾಸ್. ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಕಾಫಿ, ತಿಂಡಿ ನಾನು ಗ್ಯಾಸಿನಲ್ಲಿ ಮಾಡುತ್ತಿದ್ದೆ. ಮಧ್ಯಾಹ್ನದ ಅನ್ನ, ಸಾರು, ರಾತ್ರಿಯ ಕಡುಬು ಅತ್ತೆಯದು, ಸೌದೆಯಲ್ಲಿ. ಗ್ಯಾಸ್ ಉಳಿಸಬೇಕಲ್ಲ. ಗ್ಯಾಸ್ ಸೊಸೆಗೆ, ಸೌದೆ ಅತ್ತೆಗೆ ಎಂದು ಯಾರೂ ಹೇಳಿದ್ದಲ್ಲ, ತಾನಾಗಿ ಆದದ್ದು. ಅತ್ತೆಯರು ಸೊಸೆಯರನ್ನು ಗೋಳಾಡಿಸಿದ ಕಥೆಗಳನ್ನು ಬೇಕಾದಷ್ಟು ಓದಿದ್ದೇವೆ. ಓದಿದ ಸೊಸೆ, ಒಂದು ಕೆಟ್ಟ ಮಾತೂ ಆಡದೆ, ಅತ್ತೆಯನ್ನು ಹೊಗೆಯಲ್ಲಿ ಕೂರಿಸಿದ ಕಥೆ ಇದು.

2008ರಲ್ಲಿ ಅವರಿಗೆ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು, "ಅಜ್ಜೀ, ಬೀಡಿ ಸೇದ್ತಿದ್ರಾ?" ಎಂದು ಕೇಳಿದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಿಗೆ ತಿರುಗಿ ಐದು ನಿಮಿಷ ಮಾತು ಬರಲಿಲ್ಲ. "ಎಲಡಿಕೆ ಬಿಟ್ರೆ ನಾ ಎಂತದೂ ಮುಟ್ಟಿಲ್ಲ" ಎಂದರು. "ಸೌದೆ ಒಲೆಯಾ? ಎಷ್ಟು ವರ್ಷದಿಂದ?" ಎಂದು ಡಾಕ್ಟರು ಕೇಳಿದಾಗ ಅತ್ತೆ ನನ್ನ ಮುಖ ನೋಡಿದರು. ನಾನು, "ಚಿಕ್ಕಂದಿನಿಂದಲೂ. ಅವರಿಗೆ ಅಭ್ಯಾಸ ಆಗಿದೆ ಡಾಕ್ಟ್ರೇ" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, "ಅವರ ಶ್ವಾಸಕೋಶಕ್ಕೆ ಅಭ್ಯಾಸ ಆಗಿಲ್ಲಮ್ಮ" ಎಂದರು. ಬೀಡಿ ಸೇದುವವರಿಗೆ ಬರುವ ರೋಗವೇ ಒಲೆ ಊದುವವರಿಗೂ ಬರುತ್ತದೆ ಎಂದು ಆಗ ತಿಳಿಯಿತು. ಸಿ.ಓ.ಪಿ.ಡಿ. ಎನ್ನುತ್ತಾರೆ. ಒಳಗಿನ ಸಣ್ಣ ಕೊಳವೆಗಳು ಒಮ್ಮೆ ಕೆಟ್ಟರೆ ಮತ್ತೆ ಮೊದಲಿನಂತಾಗುವುದಿಲ್ಲ. ಬಂದ ವಾರವೇ ಅಡುಗೆಮನೆಯ ಒಲೆ ಕೀಳಿಸಿದೆವು. ಅತ್ತೆ 2011ರಲ್ಲಿ ತೀರಿಕೊಂಡರು.

ಅಡುಗೆಮನೆಯ ಒಲೆ ಹೋಯಿತು, ಬಚ್ಚಲೊಲೆ ಉಳಿಯಿತು. ಅತ್ತೆಗೆ ಅದರ ಮುಂದೆ ಕೂರಲಾಗದಾಗ ಅಕ್ಕನನ್ನು ಕರೆದೆವು. ಹೊಗೆ ನಮ್ಮ ಮನೆಯಿಂದ ಹೊರಟುಹೋಯಿತು ಎಂದು ನಾನು ತಿಳಿದಿದ್ದೆ. ಅದು ಗೋಡೆಯ ಆಚೆಗೆ ಹೋಗಿತ್ತು, ಅಷ್ಟೇ. ದೇಶದ ಲೆಕ್ಕದಲ್ಲೂ ಹೀಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು 59 ಮನೆಗಳು ಅಡುಗೆಗೆ ಹೊಗೆಯಿಲ್ಲದ ಉರುವಲು ಬಳಸುತ್ತವೆ. ನಮ್ಮದೂ ಆ ಲೆಕ್ಕಕ್ಕೆ ಸೇರುವ ಮನೆಯೇ. ಬಚ್ಚಲಿನ ಹಂಡೆ ಆ ಲೆಕ್ಕದಲ್ಲಿ ಬರುವುದಿಲ್ಲ.

ನಮ್ಮ ಸೀಮೆಯ ಹಳೆಯ ತೋಟದ ಬಂಗಲೆಗಳನ್ನು ನೀವು ನೋಡಿರಬಹುದು. ಬಿಳಿಯರ ಕಾಲದಲ್ಲಿ ಕಟ್ಟಿದವು. ಹಾಲಿನಲ್ಲಿ ಚಳಿ ಕಾಯಿಸಲು ಅಗ್ಗಿಷ್ಟಿಕೆ, ಅದಕ್ಕೆ ಗೋಡೆಯೊಳಗಿಂದ ಮಾಡು ದಾಟಿ ಏರುವ ಚಿಮಣಿ. ಬೆಂಕಿಯ ಎದುರು ಕುರ್ಚಿ ಹಾಕಿಕೊಂಡು ಕೂತರೂ ಕಣ್ಣಿಗೆ ಒಂದಿಷ್ಟು ಹೊಗೆ ಬರುವುದಿಲ್ಲ. ಹೊಗೆ ಕಕ್ಕುವ ಚಿಮಣಿಯ ಕಾಯಿಲೆಗಳೇನು, ಮದ್ದೇನು ಎಂದು ಬೆಂಜಮಿನ್ ಫ್ರಾಂಕ್ಲಿನ್‌ನಂಥ ದೊಡ್ಡ ಮನುಷ್ಯ 1785ರಲ್ಲೇ ಕುಳಿತು ಬರೆದಿದ್ದಾನೆ. ಹೊಗೆಯನ್ನು ಹೊರಗೆ ಕಳಿಸುವ ವಿದ್ಯೆ ಹೊಸದಲ್ಲ, ದುಬಾರಿಯೂ ಅಲ್ಲ. ಚಳಿ ಕಾಯಿಸಿಕೊಳ್ಳುವವರ ಬೆಂಕಿಗೆ ಚಿಮಣಿ ಇತ್ತು. ಅನ್ನ ಬೇಯಿಸುವವರ, ನೀರು ಕಾಯಿಸುವವರ ಬೆಂಕಿಗೆ ಇರಲಿಲ್ಲ.

ರಜೆ ಮುಗಿಯುವ ಮೊದಲು ಮಗ ಸೋಲಾರ್ ಹಾಕಿಸೋಣ ಎಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ಊರಿನಲ್ಲಿ, ಬಿಸಿನೀರು ಅತಿ ಹೆಚ್ಚು ಬೇಕಾದ ಕಾಲದಲ್ಲೇ ಅದು ಕೈಕೊಡುತ್ತದೆ. ಕರೆಂಟಿನ ಗೀಸರ್? 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮಳೆಯಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ನಾವು ಮಾತಾಡುವುದನ್ನು ಕೇಳಿಸಿಕೊಂಡ ಅಕ್ಕ ಮಾರನೆಯ ದಿನ ಮೆಲ್ಲಗೆ, "ಟೀಚ್ರಮ್ಮ, ಹಂಗಾದ್ರೆ ನನ್ನ ಕೆಲ್ಸ ಹೋಯ್ತದಾ?" ಎಂದಳು. ಆ ಪ್ರಶ್ನೆ ನನ್ನ ಮನಸ್ಸಿನ ಅರ್ಧ ಪುಣ್ಯವನ್ನು ಕೆಡಿಸಿತು. ಒಂದು ಗುಂಡಿ ಒತ್ತಿ ನಾನು ನಿರಾಳವಾಗಬಹುದಿತ್ತು. ಅವಳು ತಿಂಗಳ ಸಂಬಳ ಕಳೆದುಕೊಂಡು ಲೈನಿನ ತನ್ನದೇ ಹೊಗೆಯ ಮುಂದೆ ಕೂರುತ್ತಿದ್ದಳು. ಕಣ್ಣಿಗೆ ಕಾಣದಂತೆ ಮಾಡಿದರೆ ಋಣ ತೀರಿದಂತಾಗುವುದೇ?

ಕಡೆಗೆ ನಾವು ಮಾಡಿದ್ದು ಅತ್ತೆಯ ಕಾಲದಲ್ಲೇ ಆಗಬೇಕಿದ್ದ ಕೆಲಸ. ಬಚ್ಚಲೊಲೆಗೆ ಜಾಲರಿ ಹಾಕಿಸಿ, ಬಾಯಿ ಕಿರಿದು ಮಾಡಿ, ಕೊಳವೆಯನ್ನು ಮಾಡಿನ ನೆತ್ತಿಗಿಂತ ಮೇಲಕ್ಕೆ ಏರಿಸಿದೆವು. ಮರಗಸಿಯಲ್ಲಿ ಬಿದ್ದ ಹಸಿ ರೆಂಬೆಯನ್ನು ಅದೇ ಮಳೆಗಾಲಕ್ಕೆ ಸುಡುವುದನ್ನು ಬಿಟ್ಟು ಒಂದು ವರ್ಷ ಮಾಡಿನ ಕೆಳಗೆ ಒಟ್ಟಿ ಒಣಗಿಸುವುದೆಂದಾಯಿತು. ಹಸಿ ಸೌದೆಯಲ್ಲಿ ಬೆಂಕಿಯ ಶಕ್ತಿಯೆಲ್ಲ ಸೌದೆಯ ನೀರನ್ನು ಆರಿಸುವುದಕ್ಕೇ ಹೋಗುತ್ತದೆ, ಉಳಿದದ್ದು ಹೊಗೆ. ಮಸಿ ತೆಗೆಯುವುದು ಯಜಮಾನರ ಕೆಲಸ ಎಂದು ಈ ಸಲ ಮೊದಲೇ ಗೊತ್ತುಮಾಡಿದೆ. ಮಗ ಡಬ್ಬಿಯನ್ನು ಬಿಟ್ಟು ಹೋಗಿದ್ದ. ಈಗ ಒಲೆಯ ಮುಂದೆ ಎಂಬತ್ತು, ತೊಂಬತ್ತು ತೋರಿಸುತ್ತದೆ. ಒಳ್ಳೆಯ ಗಾಳಿ ಎನ್ನಲಾಗದು, ಆದರೂ ಅಂಕಿ ಎಣಿಕೆಗೆ ಸಿಗುತ್ತದೆ.

ಆಮೇಲೆ ಅದೇ ಡಬ್ಬಿಯನ್ನು ಹಿಡಿದು ಅಕ್ಕನ ಮನೆಗೆ ಹೋದೆ. ಹದಿನೈದು ವರ್ಷಗಳ ಹತ್ತಿರ ಅವಳು ನಮ್ಮ ಮನೆಗೆ ಬಂದಿದ್ದಾಳೆ, ನಾನು ಅವಳ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ತೋಟದಲ್ಲಿ ವಾಸವಿರುವ ಕೂಲಿಯವರಿಗೆ ಮಾಲೀಕರು ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಲೈನು ಮನೆಗಳ ಕಥೆಗೆ ಅದೊಂದು ಆಧಾರ. ಒಂದು ಸಾಲಿನಲ್ಲಿ ಆರು ಮನೆ. ಹಿಂದೆ ಹೆಂಚಿತ್ತಂತೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ಘಟ್ಟ ಹತ್ತಿ ಬಂದ ಆ ಹೆಂಚಿನ ಸಂದಿಯಲ್ಲಿ ಒಂದಿಷ್ಟಾದರೂ ಹೊಗೆ ನುಸುಳಿ ಹೋಗುತ್ತದೆ. ಈಗ ಸೋರಬಾರದೆಂದು ಶೀಟು ಹೊದಿಸಿದ್ದಾರೆ. ಮಳೆ ಸೋರುವುದಿಲ್ಲ, ಹೊಗೆಯೂ ಸೋರುವುದಿಲ್ಲ. ಒಳಗೆ ಒಂದು ಮೂಲೆಯಲ್ಲಿ ಉಜ್ವಲದ ಸಿಲಿಂಡರ್, ಮೇಲೆ ಕಸೂತಿ ಬಟ್ಟೆ ಹೊದಿಸಿ ನಿಲ್ಲಿಸಿದೆ. 2016ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಗ್ಯಾಸ್ ಹೆಂಗಸಿನ ಹೆಸರಿಗೇ ಬರುತ್ತದೆ. "ನೆಂಟ್ರು ಬಂದಾಗ ಟೀಗೆ ಹಚ್ತೀನಿ. ತುಂಬಿಸೋಕೆ ಹೋದ್ರೆ ಎರಡು ದಿನದ ಕೂಲಿ ಅದಕ್ಕೇ. ಸೌದೆಗೆ ದುಡ್ಡು ಕೊಡ್ಬೇಕಾ?" ಎಂದಳು. ಡಬ್ಬಿ ಮತ್ತೆ 999ಕ್ಕೆ ನಿಂತಿತು. ಒಲೆಯ ಪಕ್ಕದಲ್ಲಿ ಅವಳ ಮೊಮ್ಮಗಳು ಹೋಂವರ್ಕ್ ಬರೆಯುತ್ತಿದ್ದಳು. ನಮ್ಮ ಶಾಲೆಯ ಹುಡುಗಿ. ತರಗತಿಯಲ್ಲಿ ಕೆಮ್ಮುತ್ತಾಳೆಂದು ನಾನೇ ಎಷ್ಟೋ ಸಲ ಅವಳನ್ನು ಹೊರಗೆ ಕಳಿಸಿದ್ದೆ.

ತೋಟದ ಯಜಮಾನರು ನಮಗೆ ಬೇಕಾದವರು, ಮರ್ಯಾದಸ್ಥರು. ಲೈನಿನ ಒಲೆಗಳಿಗೆ ಕೊಳವೆ ಹಾಕಿಸಬಾರದೇ ಎಂದು ಕೇಳಿದೆ. ಅವರು ನಗುತ್ತಾ, "ಟೀಚರ್, ಅವರಿಗೆಲ್ಲ ಅಭ್ಯಾಸ ಆಗಿದೆ" ಎಂದರು. ನನ್ನ ಬಾಯಿ ಕಟ್ಟಿತು. ಅದು ನಾನು 2008ರಲ್ಲಿ ಡಾಕ್ಟರ ಎದುರು ಆಡಿದ ಮಾತು, ಒಂದು ಅಕ್ಷರವೂ ಬದಲಾಗಿರಲಿಲ್ಲ. ಅವರನ್ನು ಬೈಯುವ ಹಕ್ಕು ನನಗೆಲ್ಲಿಂದ ಬರಬೇಕು?

ಅಭ್ಯಾಸ ಎಂಬ ಮಾತನ್ನು ಅಂದಿನಿಂದ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅವಳು ದೂರುವುದಿಲ್ಲವಲ್ಲ ಎಂಬುದು ನಮ್ಮ ಮೊದಲ ಸಮಾಧಾನ. ದೂರಿದರೆ ಕೆಲಸ ಹೋಗುತ್ತದೆಂಬ ಭಯವಿದ್ದವಳ ಮೌನವನ್ನು ಒಪ್ಪಿಗೆ ಎನ್ನುವುದು ಹೇಗೆ? ನಮ್ಮ ತಾಯಿ, ಅಜ್ಜಿ ಎಲ್ಲ ಹೀಗೇ ಬದುಕಲಿಲ್ಲವೇ ಎಂಬುದು ಎರಡನೆಯದು. ಬದುಕಿದರು, ಕೆಮ್ಮುತ್ತಾ ಸತ್ತರು, ಅದನ್ನು ನಾವು ವಯಸ್ಸಾಗಿತ್ತು ಎಂದೆವು. ಸಂಬಳ ಕೊಡುತ್ತೇವಲ್ಲ ಎಂಬುದು ಮೂರನೆಯದು. ಸಂಬಳ ಅವಳ ಕೈಯ ಕೆಲಸಕ್ಕೆ, ಅವಳ ಸಮಯಕ್ಕೆ. ಉಸಿರನ್ನು ಅವಳು ಮಾರಿಲ್ಲ, ನಾವು ಕೊಂಡಿಲ್ಲ, ಆದರೂ ಅದು ನಮ್ಮ ಹಂಡೆಯ ಕೆಳಗೆ ಖರ್ಚಾಗಿದೆ. ನಿಜವಾಗಿ ಅಭ್ಯಾಸವಾದದ್ದು ನಮಗೆ, ಅವಳ ಕೆಮ್ಮನ್ನು ಕೇಳುವುದು.

ಪಟ್ಟಣದ ಮನೆಗಳಲ್ಲಿ ಗೋಡೆಗಳು ಬೇರೆ ರೀತಿ ಇರುತ್ತವೆ. ಮೊನ್ನೆ ಏಪ್ರಿಲ್‌ನಲ್ಲಿ ಮಗನ ಮನೆಗೆ ಹೋಗಿದ್ದಾಗ, ಕೋಣೆಯಲ್ಲಿ ಏ.ಸಿ. ಹಾಕಿ ಕೂಸಿಗೆ ತಂಪು ಮಾಡಿದ್ದರು. ಏ.ಸಿ. ಸೆಕೆಯನ್ನು ಕೊಲ್ಲುವುದಿಲ್ಲ, ಒಳಗಿನ ಸೆಕೆಯನ್ನು ಹೊರಗೆ ಎಸೆಯುತ್ತದೆ, ಅದರ ಜೊತೆಗೆ ಯಂತ್ರದ ಬಿಸಿಯನ್ನೂ ಸೇರಿಸಿ. ಅವರ ಮನೆಯಲ್ಲಿ ಅದರ ಹೊರಗಿನ ಪೆಟ್ಟಿಗೆ ಇರುವುದು ಪಾತ್ರೆ ತೊಳೆಯುವ ಸಣ್ಣ ಜಾಗದಲ್ಲಿ. ಕೆಲಸಕ್ಕೆ ಬರುವ ಹುಡುಗಿ ಆ ಬಿಸಿಗಾಳಿಗೆ ಮುಖ ಕೊಟ್ಟು ಪಾತ್ರೆ ಉಜ್ಜುತ್ತಿದ್ದಳು. ನಾನು ಸೊಸೆಗೆ ಏನೂ ಹೇಳಲಿಲ್ಲ, ಹಿತ್ತಲ ಬಾಗಿಲಿಗೆ ಡಬ್ಬಿ ಒಯ್ದವಳು ಅವಳೇ. ಸುಮ್ಮನೆ ಅವಳ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ನಿಮಿಷ ನಿಲ್ಲಿಸಿದೆ. ಈಗ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಏ.ಸಿ. ನಿಲ್ಲಿಸುತ್ತಾರಂತೆ. ನಿಮ್ಮ ಮನೆ ಬೆಚ್ಚಗಿರಲಿ, ತಂಪಾಗಿರಲಿ, ಅದರಲ್ಲಿ ಪಾಪವಿಲ್ಲ. ಆದರೆ ಅದರ ಇನ್ನೊಂದು ಬಾಯಿ ಎಲ್ಲಿ ತೆರೆದುಕೊಂಡಿದೆ, ಅದರ ಮುಂದೆ ಯಾರು ಕುಳಿತಿದ್ದಾರೆ ಎಂದು ಒಮ್ಮೆ ಎದ್ದು ಹೋಗಿ ನೋಡಬೇಕು.

ಯಜಮಾನರು ಕಡೆಗೆ, ನೀವು ಹಾಕಿಸುವುದಾದರೆ ನನ್ನ ಅಡ್ಡಿಯಿಲ್ಲ ಎಂದರು. "ಆದ್ರೆ ಒಬ್ಬರಿಗೆ ಮಾಡಿದ್ರೆ ಎಲ್ಲರೂ ಕೇಳ್ತಾರೆ ಟೀಚರ್" ಎಂದೂ ಸೇರಿಸಿದರು. ಕೇಳಲಿ ಎಂದೇ ನನ್ನ ಆಸೆ. ಈ ಮಳೆಗಾಲಕ್ಕೆ ಮುಂಚೆ ಅಕ್ಕನ ಒಲೆಗೆ ಕೊಳವೆ ಕೂತಿತು. ಕೂರಿಸುವ ದಿನ ಅಕ್ಕ ಗಾರೆಯವನ ತಲೆಯ ಮೇಲೆ ನಿಂತು ತನ್ನ ಅನ್ನದ ಪಾತ್ರೆ, ರೊಟ್ಟಿಯ ಕಾವಲಿ ಎರಡನ್ನೂ ಒಲೆಯ ಮೇಲಿಟ್ಟು ಅಳತೆ ತೆಗೆಸಿದಳು. ಅತ್ತೆಯನ್ನು ನಾವು ಅಷ್ಟು ಕೇಳಿದ್ದರೆ ಹಾರೆಗೆ ಕೆಲಸವಿರುತ್ತಿರಲಿಲ್ಲ. ಪಕ್ಕದ ಮನೆಯಾಕೆ ಆಗಲೇ ಬಂದು, ನಮ್ಮದು ಯಾವಾಗ ಎಂದು ಕೇಳಿದ್ದಾಳೆ. ಆರರಲ್ಲಿ ಒಂದಾಗಿದೆ, ಐದು ಬಾಕಿ ಇವೆ. ಹತ್ತಿರದಲ್ಲೇ ಇನ್ನೊಂದು ಲೈನೂ ಇದೆ.

ಈಗಲೂ ಮಳೆಯಲ್ಲಿ ನೆನೆದು ಬಂದಾಗ ಬಿಸಿನೀರು ಅಷ್ಟೇ ಹಿತವಾಗಿದೆ. ಮೊದಲ ಚೊಂಬು ಹೊಯ್ದುಕೊಳ್ಳುವ ಮೊದಲು ಮಾತ್ರ ಒಂದು ಗಳಿಗೆ ನಿಂತು ಗೋಡೆಯ ಆಚೆಗೆ ಕಿವಿ ಕೊಡುತ್ತೇನೆ.